ಮಕ್ಕಳ ಸಡಗರವನ್ನು ಕಸಿಯದಿರೋಣ

(ಗುರುಮಠಕಲ್‌ನ ಶಾಲೆಯೊಂದರಲ್ಲಿ ವಾರ್ಷಿಕೋತ್ಸವಕ್ಕೆ ಮುನ್ನ ಕರೆಯಲಾಗಿದ್ದ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



'ಶಿಕ್ಷಣ ಮತ್ತು ತರ್ಬಿಯತ್' ಎಂಬ ವಿಷಯದ ಕುರಿತು ಮಾತನಾಡಲು ನಮ್ಮನ್ನು ಇಲ್ಲಿಗೆ ಆಹ್ವಾನಿಸಲಾಗಿತ್ತು. ಅದಕ್ಕೆಂದು ಕೆಲವು ಟಿಪ್ಪಣಿಗಳನ್ನೂ ಸಿದ್ಧಪಡಿಸಿಕೊಂಡು ಬಂದಿದ್ದೆವು. ಆದರೆ ಅಸರ್ ನಮಾಝಿನ ಬಳಿಕ ಶಾಲೆಯ ಹಿಂಬದಿಯ ಬಯಲಿನಲ್ಲಿ ಕಂಡ ದೃಶ್ಯವು ಆ ಟಿಪ್ಪಣಿಗಳನ್ನು ಮಡಚಿಡುವಂತೆ ಮಾಡಿತು.

ಅಲ್ಲಿ ನಿಮ್ಮ ಮಕ್ಕಳು ನಾಟಕದ ತಾಲೀಮಿನಲ್ಲಿ ತೊಡಗಿದ್ದರು. ಒಬ್ಬನ ತಲೆಯ ಮೇಲೆ ಬುಟ್ಟಿ, ಇನ್ನೊಬ್ಬನ ಕೈಯಲ್ಲಿ ಹಳೆಯ ಕ್ಯಾಲೆಂಡರಿನ ಹಾಳೆಯಿಂದ ಮಾಡಿದ ಗಾಳಿಪಟ. ಫಕೀರರ ಪಾತ್ರ ವಹಿಸಿದ ಐದಾರು ಮಕ್ಕಳು ಚಪ್ಪಾಳೆಯ ತಾಳಕ್ಕೆ ಹಾಡುತ್ತಿದ್ದರು. ಪಾತ್ರ ಸಿಗದ ಸಣ್ಣ ತರಗತಿಗಳ ಮಕ್ಕಳು ಕಿಟಕಿಯ ಸರಳು ಹಿಡಿದು ನಿಂತು ಅದೇ ಹಾಡನ್ನು ತುಟಿಯಲ್ಲೇ ಗುನುಗುತ್ತಿದ್ದರು. ಕಳೆದ ಮೂರು ವಾರಗಳಿಂದ ಶಾಲೆಗೆ ತಡವಾಗಿ ಬರುವ ಮಕ್ಕಳೇ ಇಲ್ಲವೆಂದು ಶಿಕ್ಷಕರು ನಗುತ್ತಾ ಹೇಳಿದರು.

ಸೌತೆಕಾಯಿ ಮಾರುವವನ ಪಾತ್ರ ಮಾಡುತ್ತಿರುವ ಬಾಲಕನ ತಂದೆ ನಿಜಕ್ಕೂ ಸಂತೆಯಲ್ಲಿ ತರಕಾರಿ ಮಾರುವವರು. ಈ ಬಾಲಕ ಎರಡು ಸಂತೆಗಳಲ್ಲಿ ತಂದೆಯ ಪಕ್ಕ ಕುಳಿತು, ಗಿರಾಕಿಗಳನ್ನು ಕರೆಯುವ ರೀತಿಯನ್ನು ಕಲಿತು ಬಂದಿದ್ದಾನೆ. ತಂದೆಯ ಕಸುಬನ್ನು ಹೇಳಿಕೊಳ್ಳಲು ಹಿಂದೆ ನಾಚುತ್ತಿದ್ದವನು ಇಂದು ಗೆಳೆಯರೊಡನೆ, "ನಮ್ಮ ಅಬ್ಬಾ ಕೂಗಿದಂಗ ಯಾರಿಗೂ ಕೂಗಾಕ ಬರಂಗಿಲ್ಲ" ಎಂದು ಹೆಮ್ಮೆಯಿಂದ ಹೇಳುತ್ತಿದ್ದ. ಪುಸ್ತಕದ ಅಂಗಡಿಯವನ ಪಾತ್ರವನ್ನು ಏಳನೆಯ ತರಗತಿಯ ಬಾಲಕಿಯೊಬ್ಬಳು ಮಾಡುತ್ತಿದ್ದಾಳೆ. ಮನೆಗೆ ಬಂದ ಅತಿಥಿಗಳ ಮುಂದೆ ತನ್ನ ಹೆಸರು ಹೇಳಲೂ ಹೆದರುತ್ತಿದ್ದ ಹುಡುಗಿ ಆಕೆ ಎಂದು ಅವಳ ತಾಯಿ ನಮಗೆ ತಿಳಿಸಿದರು.

ಆದರೆ ಶಾಲೆಯ ಕಚೇರಿಯಲ್ಲಿ ಕುಳಿತಾಗ ಇನ್ನೊಂದು ಸಂಗತಿಯೂ ತಿಳಿಯಿತು. ಕೆಲವು ಮನೆಯವರು ತಮ್ಮ ಮಕ್ಕಳನ್ನು ನಾಟಕದಿಂದ ಹಿಂದಕ್ಕೆ ಕರೆಸಿಕೊಳ್ಳಲು ನಿರ್ಧರಿಸಿದ್ದಾರೆ. ಆ ಬಾಲಕಿಯ ಮನೆಯ ಹಿರಿಯರೂ ಅವರಲ್ಲಿ ಸೇರಿದ್ದಾರೆ. ಅವರ ಆಕ್ಷೇಪಗಳು ಮೂರು. ಒಂದು, ಹಾಡು ಮತ್ತು ವೇದಿಕೆ ನಮ್ಮ ದೀನಿಗೆ ಹೊಂದುವಂಥದ್ದಲ್ಲ. ಎರಡು, ನಾಟಕದಿಂದ ಪಾಠ ಹಾಳಾಗುತ್ತದೆ. ಮೂರನೆಯದನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ: ಬೀದರಿನಲ್ಲಿ ನಡೆದುದನ್ನು ನೋಡಿದ ಮೇಲೆ ನಮಗೇಕೆ ಈ ಉಸಾಬರಿ? ಈ ಮೂರೂ ಆಕ್ಷೇಪಗಳು ಗೌರವಕ್ಕೆ ಅರ್ಹವಾಗಿವೆ. ಆದ್ದರಿಂದ ಇಂದು ಈ ವಿಷಯದ ಕುರಿತೇ ಮಾತನಾಡಲು ಬಯಸುತ್ತೇವೆ.

ಮೊದಲು ಈ ನಾಟಕ ಯಾವುದು, ಅದು ಎಲ್ಲಿ ಹುಟ್ಟಿತು ಎಂಬುದನ್ನು ತಿಳಿಯೋಣ. ನಿಮ್ಮ ಮಕ್ಕಳು ಅಭ್ಯಾಸ ಮಾಡುತ್ತಿರುವುದು ಹಬೀಬ್ ತನ್ವೀರ್ ಅವರ 'ಆಗ್ರಾ ಬಜಾರ್' ನಾಟಕದ ಕೆಲವು ದೃಶ್ಯಗಳನ್ನು. ಸ್ವತಂತ್ರ ಭಾರತದ ಅತ್ಯಂತ ಜನಪ್ರಿಯ ಸಂಗೀತ ನಾಟಕಗಳಲ್ಲಿ ಇದೂ ಒಂದು. ದೇಶವು ಈ ನಾಟಕವನ್ನು ಮೊಟ್ಟಮೊದಲು ಕಂಡದ್ದು 1954ರಲ್ಲಿ. ಅದನ್ನು ಆಡಿದವರು ಮುಂಬಯಿಯ ಪ್ರಸಿದ್ಧ ನಟರೂ ಅಲ್ಲ, ದೊಡ್ಡ ನಾಟಕ ಕಂಪೆನಿಯವರೂ ಅಲ್ಲ. ದಿಲ್ಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ವಿದ್ಯಾರ್ಥಿಗಳು, ಶಿಕ್ಷಕರು ಮತ್ತು ಪಕ್ಕದ ಓಖ್ಲಾ ಹಳ್ಳಿಯ ಸಾಮಾನ್ಯ ಜನರು ಅದರ ಪಾತ್ರಧಾರಿಗಳಾಗಿದ್ದರು. ನಿಮ್ಮ ಶಾಲೆಯ ಬಯಲಿನಲ್ಲಿ ಇಂದು ಕಾಣುತ್ತಿರುವ ಸಡಗರ ಈ ನಾಟಕಕ್ಕೆ ಹುಟ್ಟಿನಿಂದಲೇ ಬಂದದ್ದು.

ಜಾಮಿಯಾ ಎಂದರೆ ಯಾವ ಸಂಸ್ಥೆ? 1920ರಲ್ಲಿ ಖಿಲಾಫತ್ ಮತ್ತು ಅಸಹಕಾರ ಚಳವಳಿಗಳ ಕಾಲದಲ್ಲಿ ಅಲೀಗಢದಲ್ಲಿ ಅದು ಸ್ಥಾಪನೆಯಾಯಿತು. ಅದರ ಅಡಿಗಲ್ಲನ್ನಿಟ್ಟವರು ದೇವಬಂದ್‌ನ ಹಿರಿಯ ವಿದ್ವಾಂಸ ಶೈಖುಲ್ ಹಿಂದ್ ಮೌಲಾನಾ ಮಹ್ಮೂದ್ ಹಸನ್. ಮೊದಲ ಕುಲಪತಿಗಳು ಮೌಲಾನಾ ಮುಹಮ್ಮದ್ ಅಲಿ ಜೌಹರ್. 1925ರಲ್ಲಿ ಸಂಸ್ಥೆಯು ದಿಲ್ಲಿಗೆ ಬಂತು. ಹಣದ ಅಭಾವದಿಂದ ಬಾಗಿಲು ಮುಚ್ಚುವ ಸ್ಥಿತಿ ಒದಗಿದಾಗ ಡಾ. ಝಾಕಿರ್ ಹುಸೈನ್ ಮತ್ತು ಅವರ ಸಂಗಡಿಗರು ಇಪ್ಪತ್ತು ವರ್ಷಗಳ ಕಾಲ ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ಸಂಬಳ ಪಡೆಯದೆ ದುಡಿಯುವುದಾಗಿ ಪ್ರತಿಜ್ಞೆ ಮಾಡಿದರು. ಈ ಝಾಕಿರ್ ಹುಸೈನ್ ಅವರು ಜನಿಸಿದ್ದು ಹೈದರಾಬಾದ್ ನಗರದಲ್ಲಿ. ನಮ್ಮ ಈ ಸೀಮೆಯೂ ಅಂದು ಸೇರಿದ್ದ ಸಂಸ್ಥಾನದ ರಾಜಧಾನಿಯಲ್ಲಿ. ಮುಂದೆ ಅವರು ರಾಷ್ಟ್ರಪತಿಯಾದರು. ಆದರೂ 'ಅಬ್ಬೂ ಖಾನನ ಮೇಕೆ'ಯ ಕಥೆ ಬರೆದ ಮೇಷ್ಟ್ರು ಎಂದು ಅವರನ್ನು ನೆನೆಯುವ ಉರ್ದು ಮಕ್ಕಳು ಇಂದಿಗೂ ಇದ್ದಾರೆ.

1935ರಲ್ಲಿ ಓಖ್ಲಾದಲ್ಲಿ ಶಾಲಾ ಕಟ್ಟಡಕ್ಕೆ ಅಡಿಗಲ್ಲು ಹಾಕುವ ಸಂದರ್ಭ ಬಂತು. ಅಂಥ ಸಮಾರಂಭಗಳಿಗೆ ನವಾಬರನ್ನೋ ಮಂತ್ರಿಗಳನ್ನೋ ಕರೆಸುವುದು ವಾಡಿಕೆ. ಜಾಮಿಯಾದ ಹಿರಿಯರು ಹಾಗೆ ಮಾಡಲಿಲ್ಲ. ಶಾಲೆಯ ಅತ್ಯಂತ ಕಿರಿಯ ವಿದ್ಯಾರ್ಥಿಯ ಕೈಯಿಂದ ಆ ಕಲ್ಲನ್ನು ಇಡಿಸಿದರು. ಮಕ್ಕಳನ್ನು ಹೀಗೆ ನಂಬಿದ ಸಂಸ್ಥೆಯಲ್ಲಿ ನಾಟಕಕ್ಕೂ ಸ್ಥಾನವಿದ್ದುದರಲ್ಲಿ ಆಶ್ಚರ್ಯವಿಲ್ಲ. ದೀರ್ಘಕಾಲ ಕುಲಪತಿಗಳಾಗಿದ್ದ ಪ್ರೊ. ಮುಹಮ್ಮದ್ ಮುಜೀಬ್ ಸ್ವತಃ ಉರ್ದುವಿನಲ್ಲಿ ನಾಟಕಗಳನ್ನು ಬರೆದರು. ಅವರ ಸಹೋದ್ಯೋಗಿ ಡಾ. ಆಬಿದ್ ಹುಸೈನ್ ಅವರೂ ಬರೆದರು. ನಾಟಕ ಬರೆದುದರಿಂದ ಈ ಮಹನೀಯರ ಗಾಂಭೀರ್ಯಕ್ಕಾಗಲಿ, ದೀನೀ ಗೌರವಕ್ಕಾಗಲಿ ಕುಂದು ಬಂದಿತೆಂದು ಯಾರೂ ಹೇಳಿಲ್ಲ.

ಇನ್ನು ಆ ಕಾಲ ಎಂಥದ್ದಾಗಿತ್ತು ಎಂಬುದನ್ನು ಯೋಚಿಸಿರಿ. 1947ರ ಗಲಭೆಯಲ್ಲಿ ಕರೋಲ್ ಬಾಗ್‌ನಲ್ಲಿದ್ದ ಜಾಮಿಯಾದ ಪುಸ್ತಕ ಮಳಿಗೆಯನ್ನು ಸುಟ್ಟು ಬೂದಿ ಮಾಡಲಾಗಿತ್ತು. ದಿಲ್ಲಿಯ ಮುಸ್ಲಿಮರು ದಿಕ್ಕಾಪಾಲಾಗಿದ್ದರು. ನಾವು ಯಾರ ಕಣ್ಣಿಗೂ ಬೀಳದಂತೆ ಬದುಕುವುದೇ ಲೇಸು ಎಂದು ಭಾವಿಸಲು ಅವರಿಗೆ ನಮಗಿಂತಲೂ ಹೆಚ್ಚು ಕಾರಣಗಳಿದ್ದವು. ಅದಾಗಿ ಏಳೇ ವರ್ಷಗಳಲ್ಲಿ ಅವರು ರಾಯಪುರದಿಂದ ಬಂದ, ಇನ್ನೂ ಮೂವತ್ತರ ಆಸುಪಾಸಿನಲ್ಲಿದ್ದ ಕವಿ ಹಬೀಬ್ ತನ್ವೀರ್ ಅವರ ಕೈಗೆ ತಮ್ಮ ವಿದ್ಯಾರ್ಥಿಗಳನ್ನು ಒಪ್ಪಿಸಿ, ಬಜಾರೊಂದನ್ನು ವೇದಿಕೆಯ ಮೇಲೆ ಕಟ್ಟಿದರು. ಆ ಬಜಾರಿನಲ್ಲಿ ಒಂದು ಪುಸ್ತಕದ ಅಂಗಡಿಯೂ ಇತ್ತು. ಹಿಂದೂಗಳೂ ಮುಸ್ಲಿಮರೂ ಜೊತೆಯಾಗಿ ವ್ಯಾಪಾರ ಮಾಡುವ, ಜಗಳವಾಡುವ, ಹಾಡುವ ಬಜಾರು ಅದು. ತಮ್ಮ ಪುಸ್ತಕಗಳನ್ನು ಸುಟ್ಟ ನಗರಕ್ಕೆ ಅವರು ಕೊಟ್ಟ ಉತ್ತರ ಇದಾಗಿತ್ತು.

ನಾಟಕದ ಕಥೆ ಬಹಳ ಸರಳ. ಸುಮಾರು ಇನ್ನೂರು ವರ್ಷಗಳ ಹಿಂದಿನ ಆಗ್ರಾ. ವ್ಯಾಪಾರ ಬಿದ್ದುಹೋಗಿದೆ. ಸೌತೆಕಾಯಿ ಮಾರುವ ಬಡವನೊಬ್ಬನ ಸರಕು ಮಾರಾಟವಾಗುವುದಿಲ್ಲ. ತನ್ನ ಸೌತೆಕಾಯಿಯ ಮೇಲೆ ಯಾರಾದರೂ ಪದ್ಯ ಬರೆದುಕೊಟ್ಟರೆ ಅದನ್ನು ಹಾಡುತ್ತಾ ಮಾರಬಹುದೆಂದು ಅವನಿಗೆ ಹೊಳೆಯುತ್ತದೆ. ಪುಸ್ತಕದ ಅಂಗಡಿಯಲ್ಲಿ ಕುಳಿತ ಪಂಡಿತ ಕವಿಗಳನ್ನು ಬೇಡುತ್ತಾನೆ. ಅವರು ಅವನನ್ನು ಅಟ್ಟಿಬಿಡುತ್ತಾರೆ. ಕೊನೆಗೆ ಜನರ ನಡುವೆ ಬದುಕಿದ ಕವಿ ನಝೀರ್ ಅಕ್ಬರಾಬಾದಿ ಅವನಿಗೆ ಪದ್ಯ ಬರೆದುಕೊಡುತ್ತಾರೆ, ಸೌತೆಕಾಯಿ ಬಿಸಿ ಬಿಸಿಯಾಗಿ ಮಾರಾಟವಾಗುತ್ತದೆ. ಅದನ್ನು ಕಂಡು ಲಾಡು ಮಾರುವವನೂ ಕಲ್ಲಂಗಡಿ ಮಾರುವವನೂ ಅದೇ ದಾರಿ ಹಿಡಿಯುತ್ತಾರೆ. ವಿಶೇಷವೆಂದರೆ, ನಝೀರ್ ಒಮ್ಮೆಯೂ ವೇದಿಕೆಗೆ ಬರುವುದಿಲ್ಲ. ಅವರ ಪದ್ಯಗಳು ಮಾತ್ರ ಜನರ ಬಾಯಲ್ಲಿ ಓಡಾಡುತ್ತವೆ. ಮೂಲ ನಾಟಕದಲ್ಲಿ ವೇಶ್ಯೆಯೊಬ್ಬಳ ಕೋಠಿಯ ದೃಶ್ಯಗಳೂ ಇವೆ. ಮಕ್ಕಳ ವಯಸ್ಸಿಗೆ ಅವು ತಕ್ಕುದಲ್ಲವೆಂದು ಶಿಕ್ಷಕರು ಅವುಗಳನ್ನು ಮೊದಲೇ ಕೈಬಿಟ್ಟಿದ್ದಾರೆ. ಇದನ್ನು ಮರೆಮಾಚದೆ ಹೇಳುವುದು ನಮ್ಮ ಕರ್ತವ್ಯ.

ಈಗ ಮೊದಲ ಆಕ್ಷೇಪಕ್ಕೆ ಬರೋಣ. ಸಂಗೀತದ ಕುರಿತು, ವಿಶೇಷವಾಗಿ ವಾದ್ಯಗಳ ಕುರಿತು ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ಮದ್ರಸದಲ್ಲಿ ಕಲಿತ ನಾವು ಅದನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ಎಲ್ಲ ಹಾಡನ್ನೂ ಎಲ್ಲ ಆಟವನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಹೊರಗೆಸೆಯುವುದು ಸರಿಯೇ? ಈದ್‌ನ ದಿನ ಹಝ್ರತ್ ಆಯಿಶಾ(ರ)ರ ಮನೆಯಲ್ಲಿ ಇಬ್ಬರು ಬಾಲಕಿಯರು ಹಾಡುತ್ತಿದ್ದಾಗ ಹಝ್ರತ್ ಅಬೂಬಕರ್(ರ) ಗದರಿಸಿದರೆಂದೂ, ಪ್ರವಾದಿ(ಸ)ಯವರು ಆ ಬಾಲಕಿಯರನ್ನು ಅವರಷ್ಟಕ್ಕೆ ಬಿಡುವಂತೆ ಹೇಳಿದರೆಂದೂ ಬುಖಾರಿ ಮತ್ತು ಮುಸ್ಲಿಮ್ ಸಂಗ್ರಹಗಳಲ್ಲಿ ವರದಿಯಾಗಿದೆ. ಅಬಿಸೀನಿಯದವರು ಮಸೀದಿಯಲ್ಲೇ ಈಟಿಗಳ ಆಟವಾಡಿದಾಗ, ಆಯಿಶಾ(ರ)ರಿಗೆ ಸಾಕೆನಿಸುವವರೆಗೂ ಪ್ರವಾದಿ(ಸ)ಯವರು ಅವರಿಗೆ ಮರೆಯಾಗಿ ನಿಂತು ಅದನ್ನು ತೋರಿಸಿದರು. ಕವಿ ಹಸ್ಸಾನ್ ಬಿನ್ ಸಾಬಿತ್(ರ)ರಿಗೆ ಮಸೀದಿಯಲ್ಲಿ ಮಿಂಬರ್ ಇಡಿಸಿಕೊಟ್ಟರು. ಎಳೆಯರ ಹಬ್ಬದ ಸಂತೋಷಕ್ಕೆ ಆ ಪವಿತ್ರ ಮನೆಯಲ್ಲಿ ಜಾಗವಿತ್ತೆಂದ ಮೇಲೆ ನಮ್ಮ ಮನೆಗಳು ಅದಕ್ಕಿಂತ ಹೆಚ್ಚು ಬಿಗಿಯಾಗಿರಬೇಕೇ?

ಈ ನಾಟಕದಲ್ಲಿ ಹಾಡುವವರು ಫಕೀರರು. ಅವರಿಗೆ ಚಪ್ಪಾಳೆ ಸಾಕು, ಹೆಚ್ಚೆಂದರೆ ಒಂದು ದಫ್ ಸಾಕು. ಹೆಣ್ಣುಮಕ್ಕಳ ಉಡುಪು, ಆಸನಗಳ ವ್ಯವಸ್ಥೆ, ಮನೆಗೆ ಕಳುಹಿಸುವ ಸಮಯ ಇವುಗಳನ್ನು ತಾಯಂದಿರೇ ಶಿಕ್ಷಕಿಯರೊಂದಿಗೆ ಕುಳಿತು ತೀರ್ಮಾನಿಸಲಿ. ಮರ್ಯಾದೆಯ ಮೇರೆಗಳನ್ನು ಗೊತ್ತುಪಡಿಸುವುದು ಹಿರಿಯರ ಹಕ್ಕು. ಆದರೆ ಮೇರೆ ಗೊತ್ತುಪಡಿಸುವುದು ಬೇರೆ, ಬಾಗಿಲನ್ನೇ ಮುಚ್ಚುವುದು ಬೇರೆ. ಮನೆಯ ಟಿ.ವಿ.ಯಲ್ಲಿ, ಮೊಬೈಲಿನಲ್ಲಿ ಹಗಲೂ ರಾತ್ರಿ ಹರಿದುಬರುವ ಹಾಡು ಕುಣಿತಗಳಿಗೆ ನಾವು ಯಾವ ಮೇರೆಯನ್ನೂ ಹಾಕಿಲ್ಲ. ಶಿಕ್ಷಕರ ಕಣ್ಣೆದುರಿನಲ್ಲಿ, ಒಳ್ಳೆಯ ಕವಿಯೊಬ್ಬನ ಮಾತನ್ನು ಮಗು ಬಾಯಿಪಾಠ ಮಾಡಿದಾಗ ಮಾತ್ರ ನಮ್ಮ ದೀನ್ ನೆನಪಾಗುವುದು ಯಾವ ನ್ಯಾಯ?

ಎರಡನೆಯ ಆಕ್ಷೇಪ ಪಾಠದ್ದು. 2011ರ ಜನಗಣತಿಯ ಪ್ರಕಾರ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83; ಇಡೀ ರಾಜ್ಯದಲ್ಲೇ ಅತ್ಯಂತ ಕಡಿಮೆ. ರಾಜ್ಯದ ಸರಾಸರಿ ಶೇ. 75.36 ಇತ್ತು. ಇಂಥ ಜಿಲ್ಲೆಯಲ್ಲಿ ಒಂದು ಗಂಟೆಯ ಪಾಠವೂ ವ್ಯರ್ಥವಾಗಬಾರದು ಎಂಬ ಕಾಳಜಿಯನ್ನು ನಾವು ಒಪ್ಪುತ್ತೇವೆ. ತಾಲೀಮು ತರಗತಿಗಳು ಮುಗಿದ ಮೇಲೆಯೇ ನಡೆಯಲಿ. ಆದರೆ ನಮ್ಮ ಮಕ್ಕಳು ಹಿಂದುಳಿಯುತ್ತಿರುವುದು ಅಂಕಗಳಲ್ಲಿ ಮಾತ್ರವೇ? ಅಂಕ ಪಡೆದ ಮಕ್ಕಳೂ ಬ್ಯಾಂಕಿನ ಕಿಟಕಿಯ ಮುಂದೆ, ತಹಸೀಲ್ದಾರರ ಕಚೇರಿಯಲ್ಲಿ, ಸಂದರ್ಶನದ ಕೊಠಡಿಯಲ್ಲಿ ತಲೆತಗ್ಗಿಸಿ ನಿಲ್ಲುವುದನ್ನು ನಾವು ಕಂಡಿದ್ದೇವೆ. ಮನೆಯಲ್ಲಿ ದಖ್ಖನಿ, ಬಜಾರಿನಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂಬ ಈ ಗಡಿಯೂರಿನ ಮಗು ಮೂರು ಭಾಷೆಗಳನ್ನು ಬಲ್ಲದು. ಆದರೆ ನಾಲ್ಕು ಜನರ ಮುಂದೆ ಒಂದು ಭಾಷೆಯಲ್ಲೂ ಬಾಯಿ ತೆರೆಯದು. ಇಲ್ಲಿ ಮಕ್ಕಳು ಮಾತುಗಳನ್ನು ಕನ್ನಡದಲ್ಲಿ, ಹಾಡುಗಳನ್ನು ಉರ್ದುವಿನಲ್ಲಿ ಕಲಿಯುತ್ತಿದ್ದಾರೆ. ಉಚ್ಚಾರ ತಿದ್ದಿಕೊಳ್ಳುತ್ತಿದ್ದಾರೆ, ಇನ್ನೊಬ್ಬನ ಮಾತು ಮುಗಿಯುವವರೆಗೆ ಕಾಯುವುದನ್ನು ಕಲಿಯುತ್ತಿದ್ದಾರೆ. ತನ್ನ ಹೆಸರು ಹೇಳಲು ಹೆದರುತ್ತಿದ್ದ ಬಾಲಕಿ ಪುಸ್ತಕದ ಅಂಗಡಿಯ ಯಜಮಾನಿಕೆಯನ್ನು ನಡೆಸುತ್ತಿದ್ದಾಳೆ. ಇದು ಪಾಠವಲ್ಲದಿದ್ದರೆ ಪಾಠವೆಂದರೆ ಇನ್ನಾವುದು?

ಮೂರನೆಯದು ಭಯ. ಅದರ ಕುರಿತು ಮಾತನಾಡುವಾಗ ನಾವು ಘಟನೆಗಳನ್ನು ಸರಿಯಾಗಿ ನೆನಪಿಟ್ಟುಕೊಳ್ಳಬೇಕು. 2019ರ ಡಿಸೆಂಬರ್ 15ರಂದು ಇದೇ ಜಾಮಿಯಾದ ಗ್ರಂಥಾಲಯಕ್ಕೆ ಪೊಲೀಸರು ನುಗ್ಗಿ ವಿದ್ಯಾರ್ಥಿಗಳನ್ನು ಥಳಿಸಿದರು. ಮರುತಿಂಗಳು, 2020ರ ಜನವರಿ 21ರಂದು, ಬೀದರಿನ ಶಾಹೀನ್ ಶಾಲೆಯ ಸಣ್ಣ ಮಕ್ಕಳು ಪೌರತ್ವ ಕಾಯ್ದೆಯ ಕುರಿತು ನಾಟಕವಾಡಿದರು. ಅದರ ಮೇಲೆ ದೇಶದ್ರೋಹದ ಮೊಕದ್ದಮೆ ದಾಖಲಾಯಿತು. ಶಾಲೆಯ ಮುಖ್ಯೋಪಾಧ್ಯಾಯಿನಿಯನ್ನೂ ಒಬ್ಬ ವಿದ್ಯಾರ್ಥಿನಿಯ ತಾಯಿಯನ್ನೂ ಬಂಧಿಸಲಾಯಿತು. ಸುಮಾರು ಎರಡು ವಾರ ಅವರು ಜೈಲಿನಲ್ಲಿದ್ದರು. ಪೊಲೀಸರು ಮತ್ತೆ ಮತ್ತೆ ಶಾಲೆಗೆ ಬಂದು ಮಕ್ಕಳನ್ನು ವಿಚಾರಿಸಿದರು. ಅದಕ್ಕೂ ಒಂದು ತಿಂಗಳ ಹಿಂದೆ ಕರಾವಳಿಯ ಶಾಲೆಯೊಂದರಲ್ಲಿ ಬಾಬರಿ ಮಸೀದಿಯ ಧ್ವಂಸವನ್ನು ಮಕ್ಕಳಿಂದ ಅಭಿನಯಿಸಲಾಗಿತ್ತು. ಅಲ್ಲಿ ದೇಶದ್ರೋಹದ ಮಾತು ಬರಲಿಲ್ಲ. ಈ ತಾರತಮ್ಯವನ್ನು ನಾವು ಅಂದೂ ಖಂಡಿಸಿದ್ದೆವು, ಇಂದೂ ಖಂಡಿಸುತ್ತೇವೆ.

ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. ಸಮವಸ್ತ್ರ ಧರಿಸಿದ ಶಸ್ತ್ರಧಾರಿ ಪೊಲೀಸರು ಮಕ್ಕಳನ್ನು ಪ್ರಶ್ನಿಸಿದ್ದು ಮಕ್ಕಳ ನ್ಯಾಯ ಕಾಯ್ದೆಗೆ ವಿರುದ್ಧವೆಂಬುದು ಮೇಲ್ನೋಟಕ್ಕೇ ಕಾಣುತ್ತದೆ ಎಂದು ಕರ್ನಾಟಕ ಹೈಕೋರ್ಟ್ 2021ರಲ್ಲಿ ಹೇಳಿತು. 2023ರ ಜೂನ್‌ನಲ್ಲಿ ಇಡೀ ಮೊಕದ್ದಮೆಯನ್ನೇ ರದ್ದುಪಡಿಸಿತು. ನಾಟಕ ನಡೆದದ್ದು ಶಾಲೆಯ ಆವರಣದಲ್ಲಿ, ಅದರಲ್ಲಿ ಜನರನ್ನು ಹಿಂಸೆಗೆ ಪ್ರಚೋದಿಸುವ ಮಾತುಗಳಿರಲಿಲ್ಲ ಎಂಬುದು ನ್ಯಾಯಾಲಯದ ನಿಲುವು. ಶಾಲಾ ಮಕ್ಕಳನ್ನು ಸರಕಾರದ ನೀತಿಗಳ ಟೀಕೆಯಿಂದ ದೂರವಿಡಬೇಕೆಂಬ ಅಭಿಪ್ರಾಯವನ್ನೂ ಅದೇ ತೀರ್ಪಿನಲ್ಲಿ ವ್ಯಕ್ತಪಡಿಸಲಾಗಿದೆ. ಈ ಎರಡನೆಯ ಮಾತಿನ ಕುರಿತು ಚರ್ಚೆಗೆ ಅವಕಾಶವಿದೆ. ಆದರೆ ಮೂರೂವರೆ ವರ್ಷಗಳ ಬಳಿಕವಾದರೂ ನ್ಯಾಯ ದೊರೆತುದನ್ನು ಬಿಟ್ಟು, ಬಂಧನವನ್ನು ಮಾತ್ರ ನೆನಪಿಟ್ಟುಕೊಳ್ಳುವುದು ನಮಗೆ ನಾವೇ ಮಾಡಿಕೊಳ್ಳುವ ಅನ್ಯಾಯ.

ಆ ಘಟನೆಯ ನಂತರ ಮಕ್ಕಳ ನಾಟಕವೆಂದರೆ ನಮ್ಮ ಮನೆಗಳಲ್ಲಿ ಎದೆ ಝಲ್ಲೆನ್ನುತ್ತದೆ. ಸೌತೆಕಾಯಿ ಮಾರುವವನ ಕಥೆಗೂ ನಾವು ಹೆದರುವ ಸ್ಥಿತಿ ಬಂದಿದೆ. ಯಾರೂ ನಮ್ಮನ್ನು ತಡೆದಿಲ್ಲ. ನಾವೇ ನಮ್ಮನ್ನು ತಡೆದುಕೊಳ್ಳುತ್ತಿದ್ದೇವೆ. ಹೆದರಿಸುವವರಿಗೆ ಇದಕ್ಕಿಂತ ಅಗ್ಗದ ಗೆಲುವು ಬೇರೆ ಯಾವುದಿದೆ? ಎಚ್ಚರಿಕೆ ಬೇಕು, ಖಂಡಿತ ಬೇಕು. ನಾಟಕದ ಪಠ್ಯವನ್ನು ಆಡಳಿತ ಮಂಡಳಿಯವರು ಓದಲಿ. ದೊಡ್ಡವರ ರಾಜಕೀಯ ಸಿಟ್ಟನ್ನು ಮಕ್ಕಳ ಬಾಯಲ್ಲಿ ಹಾಕುವುದು ಬೇಡ. ಆ ಸಿಟ್ಟನ್ನು ಹೇಳಲು ಪತ್ರಿಕೆಗಳಿವೆ, ಸಭೆಗಳಿವೆ, ಮತಪೆಟ್ಟಿಗೆ ಇದೆ. ಆದರೆ ಎಚ್ಚರಿಕೆಯ ಹೆಸರಿನಲ್ಲಿ ಮೌನವನ್ನು ಕಲಿಸಬಾರದು. ಒಮ್ಮೆ ಕಲಿತ ಮೌನವನ್ನು ಮಗು ಜೀವನವಿಡೀ ಮರೆಯುವುದಿಲ್ಲ.

ಸಹೋದರರೇ, ಇನ್ನೊಂದು ಮಾತು. ಈ ನಾಟಕಕ್ಕೆ ನಮ್ಮವರನ್ನು ಮಾತ್ರ ಕರೆಯಬೇಡಿ. ನಮ್ಮ ಸೀಮೆಯಲ್ಲಿ ಮೊಹರಂ ಸಮಯದಲ್ಲಿ ಹಾಡುವ ರಿವಾಯತ್ ಪದಗಳು ಕನ್ನಡದಲ್ಲಿವೆ. ಅವುಗಳನ್ನು ಹಾಡುವವರಲ್ಲಿ ಮುಸ್ಲಿಮೇತರ ಬಂಧುಗಳೂ ಬಹಳ. ಮೊಹರಂನ ಆಚರಣೆಗಳ ಕುರಿತು ನಮ್ಮ ಅಭಿಪ್ರಾಯ ಏನೆಂಬುದು ಈ ಪತ್ರಿಕೆಯ ಓದುಗರಿಗೆ ತಿಳಿದೇ ಇದೆ. ಆದರೆ ಕರ್ಬಲಾದ ದುಃಖವನ್ನು ಕನ್ನಡದಲ್ಲಿ ಹಾಡಿದ ಈ ನೆರೆಹೊರೆಯ ಪ್ರೀತಿಯನ್ನು ನಾವು ಅಲ್ಲಗಳೆಯಲಾರೆವು. ಶಿಶುನಾಳ ಶರೀಫರ ಪದಗಳನ್ನು ಹಾಡುವ ನಾಡು ಇದು. ಸಂಗೀತ ನಾಟಕವನ್ನು ನೋಡಲು ಜಾತ್ರೆಯಲ್ಲಿ ಬೆಳಗಿನವರೆಗೆ ಕೂರುವ ಜನ ಇವರು. ಅವರು ಬಂದು ನಿಮ್ಮ ಮಕ್ಕಳನ್ನು ನೋಡಲಿ, ಅವರ ಹಾಡು ಕೇಳಲಿ. ನೂರು ಸೌಹಾರ್ದ ಸಮಾವೇಶಗಳಿಂದ ಆಗದ ಕೆಲಸವನ್ನು ಬುಟ್ಟಿ ಹೊತ್ತ ಆ ಬಾಲಕ ಒಂದು ಸಂಜೆಯಲ್ಲಿ ಮಾಡಬಲ್ಲ.

ಆದ್ದರಿಂದ ಮೂರು ವಿನಂತಿಗಳನ್ನು ನಿಮ್ಮ ಮುಂದಿಡುತ್ತೇವೆ. ಸಂದೇಹವಿರುವ ಪೋಷಕರು ಮಗುವನ್ನು ಹಿಂದಕ್ಕೆ ಕರೆಯುವ ಮೊದಲು ನಾಳೆ ಒಮ್ಮೆ ತಾಲೀಮಿಗೆ ಬಂದು ಕುಳಿತು ನೋಡಿರಿ. ಉಲಮಾಗಳು ದೂರದಿಂದ ತೀರ್ಪು ಕೊಡುವ ಬದಲು ಪಠ್ಯವನ್ನು ಓದಿ, ತಿದ್ದಬೇಕಾದುದನ್ನು ತಿದ್ದಿಕೊಡಲಿ. ತಂದೆಯಂದಿರು ಆ ಸಂಜೆ ಅಂಗಡಿಯನ್ನು ಎರಡು ಗಂಟೆ ಮೊದಲೇ ಮುಚ್ಚಿ ಬರಲಿ. ಮಗು ವೇದಿಕೆಯಿಂದ ಮೊದಲು ಹುಡುಕುವುದು ತನ್ನ ತಂದೆ ತಾಯಿಯ ಮುಖವನ್ನು.

ಓಖ್ಲಾದ ಆ ಹುಡುಗರಿಗೆ 1954ರ ಆ ಸಂಜೆ ತಾವೊಂದು ಚರಿತ್ರೆಯನ್ನು ಆರಂಭಿಸುತ್ತಿದ್ದೇವೆಂದು ತಿಳಿದಿರಲಿಕ್ಕಿಲ್ಲ. ಮುಂದೆ ತನ್ವೀರ್ ಅವರು ಕಟ್ಟಿದ 'ನಯಾ ಥಿಯೇಟರ್'ನ ಛತ್ತೀಸಗಢದ ಹಳ್ಳಿಯ ಕಲಾವಿದರು ಅದೇ ನಾಟಕವನ್ನು ದಶಕಗಳ ಕಾಲ ದೇಶದುದ್ದಕ್ಕೂ ಆಡಿದರು. 2009ರಲ್ಲಿ ತನ್ವೀರ್ ತೀರಿಕೊಂಡ ಬಳಿಕವೂ ಅದು ಉಳಿದಿದೆ, ಉಳಿದುದರಿಂದಲೇ ಗುರುಮಠಕಲ್‌ನ ಬಯಲಿಗೂ ಬಂದಿದೆ. ನಿಮ್ಮ ಮಕ್ಕಳು ಚರಿತ್ರೆ ನಿರ್ಮಿಸಬೇಕಾಗಿಲ್ಲ. ಒಂದು ಸಂಜೆ ಹೆದರದೆ ನಿಂತು, ತಮ್ಮ ಮಾತನ್ನು ತಾವು ಸ್ಪಷ್ಟವಾಗಿ ಹೇಳಿದರೆ ಸಾಕು.

ಅಲ್ಲಾಹನು ನಮ್ಮ ಮಕ್ಕಳ ನಾಲಗೆಗೆ ಸತ್ಯವನ್ನೂ ಎದೆಗೆ ಧೈರ್ಯವನ್ನೂ ದಯಪಾಲಿಸಲಿ. ಅವರ ಸಂತೋಷಕ್ಕೆ ಅಡ್ಡಿಯಾಗದಷ್ಟು ದೊಡ್ಡ ಮನಸ್ಸನ್ನು ನಮಗೆ ನೀಡಲಿ. ಆಮೀನ್.